ವಸ್ತುಚಿತ್ರ ಮತ್ತು ಸವೆದ ಗೃಹಬಳಕೆಯ ವಸ್ತುಗಳು: ಪಶ್ಚಿಮ ಬೆಂಗಳೂರನ್ನು ಕುರಿತ ಒಂದು ಟಿಪ್ಪಣಿ

ಕರ್ನಾಟಕದ ಆಧುನಿಕ ಚಿತ್ರಕಲೆಯನ್ನು ಕುರಿತು ಇದುವರೆಗೆ ನಡೆದಿರುವ ಬರವಣಿಗೆಯಲ್ಲಿ ಭೂದೃಶ್ಯ, ಭಾವಚಿತ್ರ ಹಾಗೂ ಪೌರಾಣಿಕ ಸಂಯೋಜನೆಗಳಿಗೆ ಸಂದಿರುವ ಗೌರವ ವಸ್ತುಚಿತ್ರಕ್ಕೆ ಸಂದಿಲ್ಲ. ಕೆ. ವೆಂಕಟಪ್ಪನವರ ಉದಕಮಂಡಲದ ನೀರ್ಬಣ್ಣದ ಚಿತ್ರಗಳ ಬಗ್ಗೆ, ರುಮಾಲೆ ಚನ್ನಬಸವಯ್ಯನವರ ಹೂಮರಗಳ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ. ಆದರೆ ನೆಗ್ಗಿದ ಒಂದು ತಾಮ್ರದ ಚೊಂಬು, ಅದರ ಪಕ್ಕದಲ್ಲೊಂದು ಇಟ್ಟಿಗೆ, ಹಿಂದೆ ಇಳಿಬಿಟ್ಟ ಮಾಸಿದ ಬಟ್ಟೆ, ಇಷ್ಟನ್ನೇ ಎದುರಿಗಿಟ್ಟುಕೊಂಡು ಬರೆದ ಚಿತ್ರವು ‘ಅಭ್ಯಾಸ’ವೆನಿಸಿಕೊಂಡಿತೇ ಹೊರತು ‘ಕೃತಿ’ಯೆನಿಸಿಕೊಳ್ಳಲಿಲ್ಲ. ವಿಚಿತ್ರವೆಂದರೆ ಈ ನಾಡಿನಲ್ಲಿ ಶಾಸ್ತ್ರೋಕ್ತವಾಗಿ ಚಿತ್ರಕಲೆಯನ್ನು ಕಲಿತ ಹೆಚ್ಚುಕಡಮೆ ಎಲ್ಲರೂ ಮೊದಲು ಬರೆದದ್ದು ಇಂಥ ಚಿತ್ರವನ್ನೇ. ಎಲ್ಲರ ಕೈಯಿಂದಲೂ ಹಾದುಹೋದ, ಯಾರ ಸಂಗ್ರಹದಲ್ಲೂ ಉಳಿಯದ ಈ ಪ್ರಕಾರವನ್ನು ಪಶ್ಚಿಮ ಬೆಂಗಳೂರಿನ ಬಡಾವಣೆಗಳ ಹಿನ್ನೆಲೆಯಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರಿನಿಂದಲೇ ತೊಡಕು ಆರಂಭವಾಗುತ್ತದೆ. ಡಚ್ಚರು ಇದನ್ನು ‘ಸ್ಟಿಲ್‌ಲೆವೆನ್’, ಎಂದರೆ ಅಲುಗಾಡದ ಬದುಕು ಎಂದು ಕರೆದರು; ಫ್ರೆಂಚರು ‘ನಾತ್ಯೂರ್ ಮೋರ್ತ್’, ಎಂದರೆ ಸತ್ತ ನಿಸರ್ಗ ಎಂದರು. ಕನ್ನಡದಲ್ಲಿ ಸ್ಥಿರಚಿತ್ರ, ಅಚಲ ವಸ್ತುಚಿತ್ರ, ಸ್ತಬ್ಧಚಿತ್ರ ಮುಂತಾದ ಪದಗಳು ಬಳಕೆಗೆ ಬಂದರೂ ಒಂದೂ ನೆಲೆನಿಲ್ಲಲಿಲ್ಲ. ಸ್ತಬ್ಧಚಿತ್ರವೆಂದೊಡನೆ ಓದುಗರ ಕಣ್ಣಿಗೆ ಕಟ್ಟುವುದು ದಸರಾ ಮೆರವಣಿಗೆಯ ವಾಹನ. ಡ್ರಾಯಿಂಗ್ ಮಾಸ್ತರರು ಬಳಸುತ್ತ ಬಂದ ‘ವಸ್ತುಚಿತ್ರ’ವೆಂಬ ಸರಳ ಪದವೇ ಮೇಲೆಂದು ಭಾವಿಸಿ ಇಲ್ಲಿ ಅದನ್ನೇ ಉಳಿಸಿಕೊಂಡಿದೆ. ಬದುಕು, ಸಾವು ಎರಡರ ಗೊಡವೆಗೂ ಹೋಗದೆ ಎದುರಿಗಿರುವ ವಸ್ತುವನ್ನು ವಸ್ತುವೆಂದೇ ಕರೆಯುವ ವಿನಯ ಈ ಪದಕ್ಕಿದೆ.

ವಸ್ತುಚಿತ್ರದ ಬಗೆಗಿನ ಕೀಳರಿಮೆಯನ್ನು ನಾವು ಕಡವಾಗಿ ಪಡೆದದ್ದು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಕಲಾಚಿಂತಕ ಆಂದ್ರೆ ಫೆಲಿಬಿಯನ್ ಚಿತ್ರಪ್ರಕಾರಗಳಿಗೆ ಮೆಟ್ಟಿಲುಗಳನ್ನು ಕಟ್ಟಿ, ಚಾರಿತ್ರಿಕ ಹಾಗೂ ಪೌರಾಣಿಕ ಚಿತ್ರಗಳನ್ನು ಮೇಲಿಟ್ಟು, ಹಣ್ಣು-ಹೂಗಳ ಚಿತ್ರಣವನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿದನು. ಅದೇ ಫ್ರಾನ್ಸಿನಲ್ಲಿ 1728ರಲ್ಲಿ ರಾಜಾಶ್ರಯದ ಅಕಾಡೆಮಿಗೆ ಪ್ರವೇಶ ಪಡೆದ ಶಾರ್ಡನ್ ಅಡುಗೆಮನೆಯ ಪಾತ್ರೆಗಳಿಂದಲೇ ಆ ಮೆಟ್ಟಿಲನ್ನು ಅಲುಗಾಡಿಸಿದ್ದು ಬೇರೆ ಮಾತು. ಆತನು ಬರೆದ, ನಲ್ಲಿ ಜೋಡಿಸಿದ ತಾಮ್ರದ ನೀರಿನ ಪಾತ್ರೆಯ ಚಿತ್ರವೊಂದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅದರ ಮುದ್ರಿತ ಪ್ರತಿಯನ್ನು ನೋಡಿದ ನಮ್ಮ ಕಡೆಯ ಯಾರಿಗಾದರೂ ಬಚ್ಚಲುಮನೆಯ ಹಂಡೆ ನೆನಪಾಗದೆ ಇರದು.

ಬ್ರಿಟಿಷರು ಮದ್ರಾಸು, ಕಲ್ಕತ್ತ, ಮುಂಬಯಿಗಳಲ್ಲಿ 19ನೆಯ ಶತಮಾನದ ಮಧ್ಯಭಾಗದಲ್ಲಿ ಸ್ಥಾಪನೆಗೆ ಕಾರಣರಾದ ಕಲಾಶಾಲೆಗಳ ಮೂಲಕ ಈ ಮೆಟ್ಟಿಲುಗಳು ನಮ್ಮಲ್ಲಿಗೂ ಬಂದವು. ಅಲ್ಲಿ ವಸ್ತುಚಿತ್ರಣವು ಕಣ್ಣು-ಕೈಗಳ ತರಬೇತಿಗೆ ಮೀಸಲಾದ ವ್ಯಾಯಾಮವಾಗಿತ್ತು. ಮೈಸೂರಿನಲ್ಲಿ 1906ರಲ್ಲಿ ಅಡಿಗಲ್ಲು ಹಾಕಲಾದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ, ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರು 1919ರಲ್ಲಿ ಆರಂಭಿಸಿದ ಕಲಾಮಂದಿರ, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ನಡೆಸಿದ ಕಲಾಶಾಲೆ, ಇವೆಲ್ಲ ತಮ್ಮ ತಮ್ಮ ರೀತಿಯಲ್ಲಿ ಆ ಶಿಕ್ಷಣಕ್ರಮಕ್ಕೆ ನಾಡಿನ ರೂಪವನ್ನು ಕೊಟ್ಟವು. ಇವುಗಳಿಗಿಂತಲೂ ವ್ಯಾಪಕವಾಗಿ ಕೆಲಸಮಾಡಿದ್ದು ಸರ್ಕಾರದ ಡ್ರಾಯಿಂಗ್ ಪರೀಕ್ಷೆಗಳು. ಹಳೆಯ ಮೈಸೂರು ಭಾಗದಲ್ಲಿ ಲೋಯರ್ ಮತ್ತು ಹೈಯರ್, ಮುಂಬಯಿ ಕರ್ನಾಟಕದಲ್ಲಿ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಎಂಬ ಹೆಸರಿನ ಈ ಪರೀಕ್ಷೆಗಳ ಮೂಲಕ ವಸ್ತುಚಿತ್ರವು ಕಲಾವಿದರಾಗುವ ಯೋಚನೆಯೇ ಇಲ್ಲದ ಸಾವಿರಾರು ಮಕ್ಕಳನ್ನು ತಲುಪಿತು. ಬೇರಾವ ಚಿತ್ರಪ್ರಕಾರಕ್ಕೂ ಇಷ್ಟು ದೊಡ್ಡ ಜನಸಮುದಾಯ ದೊರೆತಿಲ್ಲವೆಂಬುದನ್ನು ನಮ್ಮ ಚರಿತ್ರಕಾರರು ಗಮನಿಸಬೇಕಿತ್ತು.

ಪಶ್ಚಿಮ ಬೆಂಗಳೂರು ಈ ದೃಷ್ಟಿಯಿಂದ ವಿಶೇಷವಾದ ಪ್ರದೇಶ. ರಾಜಗೋಪಾಲಾಚಾರಿಯವರ ಹೆಸರನ್ನು ಹೊತ್ತ ರಾಜಾಜಿನಗರವು ಸ್ವಾತಂತ್ರ್ಯ ಬಂದ ಒಂದೆರಡು ವರ್ಷಗಳಲ್ಲಿ ಕೈಗಾರಿಕಾ ಉಪನಗರವಾಗಿ ರೂಪುಗೊಳ್ಳತೊಡಗಿತು. ಸರ್ಕಾರಿ ಸಾಬೂನು ಕಾರ್ಖಾನೆ 1957ರಲ್ಲಿ ಇಲ್ಲಿಗೆ ಸ್ಥಳಾಂತರಗೊಂಡಿತು. ಮುಂದಿನ ದಶಕಗಳಲ್ಲಿ ವಿಜಯನಗರ, ಬಸವೇಶ್ವರನಗರಗಳು ಬೆಳೆದು ಅತ್ತಿಗುಪ್ಪೆ, ಕಾಮಾಕ್ಷಿಪಾಳ್ಯ, ಅಗ್ರಹಾರ ದಾಸರಹಳ್ಳಿಗಳಂಥ ಹಳೆಯ ಊರುಗಳನ್ನು ಒಳಗೊಂಡವು. ಕೆಂಗೇರಿಯು ಬಹುಕಾಲ ಮೈಸೂರು ರಸ್ತೆಯ ಪ್ರತ್ಯೇಕ ಊರಾಗಿಯೇ ಉಳಿದಿತ್ತು. ಇಲ್ಲಿ ಮನೆ ಮಾಡಿದವರಲ್ಲಿ ಕಾರ್ಖಾನೆಯ ನೌಕರರು, ಗುಮಾಸ್ತರು, ಉಪಾಧ್ಯಾಯರು ಹೆಚ್ಚು. ತುಮಕೂರು, ಹಾಸನ, ಮಂಡ್ಯ, ಮಾಗಡಿಗಳ ಕಡೆಯಿಂದ ಬಂದ ಅವರು ಊರಿನ ಪಾತ್ರೆಪಡಗಗಳನ್ನೂ ಜೊತೆಗೆ ತಂದರು. ಹಂಡೆ, ಕೊಳಗ, ಬೀಸುವ ಕಲ್ಲು, ಒನಕೆ, ಸೇರು, ಪಾವು, ಲಾಂದ್ರ, ಉಪ್ಪಿನಕಾಯಿ ಜಾಡಿ, ಈಳಿಗೆಮಣೆಗಳು ಮೂವತ್ತು-ನಲವತ್ತಡಿ ನಿವೇಶನದ ಹೊಸ ಮನೆಗಳೊಳಕ್ಕೆ ಬಂದವು.

ಬಂದ ಕೆಲವೇ ವರ್ಷಗಳಲ್ಲಿ ಅವು ಒಂದೊಂದಾಗಿ ಕೆಲಸ ಕಳೆದುಕೊಂಡವು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಅನ್ವಯ 1958ರಿಂದ 1962ರ ಅವಧಿಯಲ್ಲಿ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದಾಗ ಸೇರು-ಪಾವುಗಳು ಅಂಗಡಿಯಲ್ಲಿ ಅಧಿಕಾರ ಕಳೆದುಕೊಂಡು ಅಕ್ಕಿಡಬ್ಬದೊಳಗಿನ ಅಳತೆಗಳಾಗಿ ಉಳಿದವು. ವಿದ್ಯುತ್ತು ಲಾಂದ್ರವನ್ನು, ಗ್ಯಾಸಿನ ಒಲೆಯು ಸೌದೆಯ ಮಸಿಯನ್ನು, ಸ್ಟೀಲು ಹಿತ್ತಾಳೆಯನ್ನು, ಮಿಕ್ಸಿಯು ಒರಳನ್ನು, ಕೊನೆಗೆ ಪ್ಲಾಸ್ಟಿಕ್ ಕೊಡವು ಬಿಂದಿಗೆಯನ್ನು ಹಿಂದಕ್ಕೆ ತಳ್ಳಿದವು. ಅಟ್ಟ ಸೇರಿದ ಈ ವಸ್ತುಗಳು ಮತ್ತೆ ಬೆಳಕು ಕಂಡದ್ದು ಹೆಚ್ಚಾಗಿ ಮನೆಯ ಹುಡುಗನೋ ಹುಡುಗಿಯೋ ಡ್ರಾಯಿಂಗ್ ಪರೀಕ್ಷೆಗೆ ಕುಳಿತಾಗ. ಮನೆಯಲ್ಲಿ ಬೇಡವಾದದ್ದು ಎಂಬ ಒಂದೇ ಕಾರಣದಿಂದ ಅದು ಶಾಲೆಗೆ ಹೋಗಿ ಮೇಜಿನ ಮೇಲೆ ಕುಳಿತಿತು. ಸೌಂದರ್ಯದ ಆಯ್ಕೆ ಅದಾಗಿರಲಿಲ್ಲ. ಆದರೂ ಆಗ ಮಾತ್ರವೇ ಯಾರೋ ಒಬ್ಬರು ಎರಡು-ಮೂರು ಗಂಟೆಗಳ ಕಾಲ ಅದನ್ನು ಎವೆಯಿಕ್ಕದೆ ನೋಡಿದರು.

ಆ ನೋಟದಲ್ಲಿ ಏನು ಕಾಣುತ್ತದೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹೊಸ ಪಾತ್ರೆಯ ಮೇಲೆ ಬೆಳಕು ಒಂದೇ ಕಡೆ ಬಿಳಿಯ ಚುಕ್ಕೆಯಾಗಿ ನಿಲ್ಲುತ್ತದೆ. ಅದನ್ನು ಬರೆಯಲು ಕಾಗದದ ಬಿಳುಪನ್ನು ಹಾಗೆಯೇ ಬಿಟ್ಟರೆ ಸಾಕು. ಸವೆದ ಪಾತ್ರೆಯ ಮೇಲಾದರೋ ಬೆಳಕು ಒಡೆದು ಚೂರಾಗುತ್ತದೆ. ಸಾವಿರ ಸಲ ಬೂದಿಯಿಂದ ತಿಕ್ಕಿದ ಗೀರುಗಳ ಮೇಲೆ ಅದು ಮಂಜಿನಂತೆ ಹರಡುತ್ತದೆ, ನೆಗ್ಗಿನ ಏಣಿನಲ್ಲಿ ಇದ್ದಕ್ಕಿದ್ದಂತೆ ಹೊಳೆಯುತ್ತದೆ, ಕಂಠದ ಸಂದಿಯ ಕಿಲುಬಿನಲ್ಲಿ ಹಸಿರಾಗಿ ಅಡಗುತ್ತದೆ. ಕಲಾಯಿ ಕಿತ್ತುಹೋದ ಕಡೆ ತಾಮ್ರದ ಕೆಂಪು, ಉಳಿದ ಕಡೆ ತವರದ ಬೂದು. ಎರಡರ ನಡುವಣ ಅಂಚು ಭೂಪಟದ ಕರಾವಳಿಯಂತೆ ಅಂಕುಡೊಂಕು. ಮಣ್ಣಿನ ಮಡಕೆಯ ಹೊರಮೈಯಲ್ಲಿ ಉಪ್ಪು ಬಿಳಿಗೆರೆಯಾಗಿ ಒಸರಿರುತ್ತದೆ. ಮರದ ಮಣೆಯಲ್ಲಿ ಕೂರುವವರ ಭಾರಕ್ಕೆ ನಡುಭಾಗ ತಗ್ಗಾಗಿರುತ್ತದೆ. ಇವುಗಳಲ್ಲಿ ಯಾವುದನ್ನೂ ಊಹೆಯಿಂದ ಬರೆಯಲಾಗದು. ಹೊಸ ಬಿಂದಿಗೆಯೊಂದನ್ನು ನೆನಪಿನಿಂದ ಬರೆಯಬಹುದು, ಏಕೆಂದರೆ ಹೊಸ ಬಿಂದಿಗೆಗಳೆಲ್ಲ ಒಂದೇ. ನಲವತ್ತು ವರ್ಷ ಬಾವಿಕಟ್ಟೆಗೆ ತಾಗಿದ ಬಿಂದಿಗೆ ಒಂದೇ ಒಂದು. ಅದನ್ನು ನೋಡಿಯೇ ಬರೆಯಬೇಕು. ಭಾವಚಿತ್ರವನ್ನು ಬರೆಯುವಾತನು ಮುಖದ ಸುಕ್ಕುಗಳಲ್ಲಿ ಅರಸುವುದೂ ಈ ಬಗೆಯ ಅನನ್ಯತೆಯನ್ನೇ.

ನಮ್ಮ ಶಾಲೆಗಳ ಪಾಠಕ್ರಮಕ್ಕೆ ಇದರೊಡನೆ ಒಂದು ಒಳಜಗಳವಿತ್ತು. ಪಾತ್ರೆಯನ್ನು ಬರೆಯುವಾಗ ಮೊದಲು ನಡುವೆ ಲಂಬರೇಖೆಯೊಂದನ್ನು ಎಳೆದು, ಎಡಬಲಗಳನ್ನು ಸಮಗೊಳಿಸಿ, ಬಾಯಿಯ ಹಾಗೂ ತಳದ ಅಂಡಾಕೃತಿಗಳನ್ನು ಕೂಡಿಸಬೇಕೆಂಬುದು ನಿಯಮ. ಈ ಲೇಖಕನು ರಾಜಾಜಿನಗರದಲ್ಲಿ ಲೋಯರ್ ಪರೀಕ್ಷೆಗೆ ಅಭ್ಯಾಸ ಮಾಡುತ್ತಿದ್ದಾಗ ಮನೆಯಿಂದ ಒಯ್ದಿದ್ದ ಬಿಂದಿಗೆಯ ಬಲಭಾಗ ಚೆನ್ನಾಗಿ ನೆಗ್ಗಿತ್ತು. ನೆಗ್ಗನ್ನು ಇದ್ದಂತೆಯೇ ಬರೆದ ಹಾಳೆಯನ್ನು ಮಾಸ್ತರರು ಕೈಗೆತ್ತಿಕೊಂಡು, ‘ಕಣ್ಣು ಸರಿಯಾಗಿದೆ, ಆದರೆ ಪರೀಕ್ಷಕರು ಇದನ್ನು ತಪ್ಪು ಅಂತಾರಪ್ಪ’ ಎಂದು ಹೇಳಿ ರಬ್ಬರಿನಿಂದ ಅಳಿಸಿ ಎಡಭಾಗದ ವಕ್ರರೇಖೆಯನ್ನೇ ಬಲಕ್ಕೂ ಎಳೆದರು. ಆ ಹಿರಿಯರ ತೀರ್ಪನ್ನು ದೂಷಿಸುವಂತಿಲ್ಲ. ಅಂಕ ಇದ್ದದ್ದು ಸಮರೂಪಕ್ಕೇ. ಸವೆದ ವಸ್ತುವನ್ನು ಎದುರಿಗಿಟ್ಟು ಸವೆಯದ ವಸ್ತುವನ್ನು ಬರೆಯಿಸುವುದು ಆ ಪದ್ಧತಿಯೊಳಗೇ ಅಡಗಿದ್ದ ವಿರೋಧಾಭಾಸ. ಬಣ್ಣದ ಪತ್ರಿಕೆಯಲ್ಲಿ ಮಾತ್ರ ಒಂದಿಷ್ಟು ಸ್ವಾತಂತ್ರ್ಯವಿತ್ತು. ಕಿಲುಬಿನ ಹಸಿರನ್ನು, ಮಸಿಯ ನೀಲಿಗಪ್ಪನ್ನು ಅಲ್ಲಿ ಯಾರೂ ಅಳಿಸುತ್ತಿರಲಿಲ್ಲ.

ಹಳೆಯ ವಸ್ತುವನ್ನು ನಮ್ಮ ಸಮಾಜ ನಡೆಸಿಕೊಂಡ ರೀತಿಯಲ್ಲಿ ವಸ್ತುಚಿತ್ರದ ಸ್ಥಾನ ಎಲ್ಲಿಯದೆಂಬುದು ಮುಂದಿನ ಪ್ರಶ್ನೆ. ಮನೆಗಳಲ್ಲಿ ಹಳೆಯದಕ್ಕೆ ಎರಡು ಗತಿಗಳಿದ್ದವು. ಒಂದೋ ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿ ಹೊಸದರಂತೆ ಮಾಡುವುದು, ಇಲ್ಲವೇ ಗುಜರಿಗೆ ತೂಕಕ್ಕೆ ಹಾಕುವುದು. ಆಯುಧಪೂಜೆಯ ದಿನ ಕಾಮಾಕ್ಷಿಪಾಳ್ಯದ ಚಿಕ್ಕ ಚಿಕ್ಕ ಲೇತ್ ಶೆಡ್ಡುಗಳಲ್ಲಿ ಸ್ಪ್ಯಾನರು, ಸುತ್ತಿಗೆ, ಅರಗಳಿಗೂ ಅರಿಸಿನ-ಕುಂಕುಮವಿಟ್ಟು ಹೂ ಮುಡಿಸುವುದನ್ನು ಕಂಡವರಿಗೆ ನಮ್ಮವರು ಉಪಕರಣಗಳನ್ನು ಗೌರವಿಸಲಾರರೆಂದು ಹೇಳುವ ಧೈರ್ಯವಾಗದು. ಆದರೆ ಆ ಗೌರವದ ಮೊದಲ ವಿಧಿಯೇ ತೊಳೆಯುವುದು. ಎಣ್ಣೆಜಿಡ್ಡನ್ನು, ತುಕ್ಕನ್ನು ತೆಗೆದ ಬಳಿಕವೇ ಪೂಜೆ. ವಸ್ತುಚಿತ್ರ ತೊಳೆಯುವುದಿಲ್ಲ, ತೂಕಕ್ಕೂ ಹಾಕುವುದಿಲ್ಲ. ಇಟಲಿಯ ಬೊಲೋನ್ಯ ನಗರದ ಮನೆಯೊಂದರಲ್ಲಿ ದಶಕಗಳ ಕಾಲ ಅವೇ ಸೀಸೆ-ಡಬ್ಬಿಗಳನ್ನು ಬರೆದ ಜಾರ್ಜೊ ಮೊರಾಂಡಿ (1890–1964) ಅವುಗಳ ಮೇಲೆ ಕೂತ ಧೂಳನ್ನು ಒರೆಸಗೊಡುತ್ತಿರಲಿಲ್ಲವೆಂಬುದು ಪ್ರಸಿದ್ಧ. ನಮ್ಮ ಗೃಹಿಣಿಯರಿಗೆ ಇದು ಸೋಮಾರಿತನವಾಗಿ ಕಂಡರೆ ಆಶ್ಚರ್ಯವಿಲ್ಲ.

ಮೇಜಿನ ಮೇಲೆ ಯಾವ ವಸ್ತು ಬಂತು ಎಂಬುದರಷ್ಟೇ ಯಾವುದು ಬರಲಿಲ್ಲ ಎಂಬುದೂ ಮುಖ್ಯ. ತಾಮ್ರದ ಚೊಂಬು, ಹಣ್ಣು, ಪುಸ್ತಕ, ಹೂಜಿ, ಲಾಂದ್ರ ಇವು ಪದೇ ಪದೇ ಬಂದವು. ಪೊರಕೆ ಬರಲಿಲ್ಲ, ಚಪ್ಪಲಿಯಂತೂ ಬರಲೇ ಇಲ್ಲವೆನ್ನಬಹುದು. ವಿನ್ಸೆಂಟ್ ವ್ಯಾನ್ ಗೋ 1886ರಲ್ಲಿ ಪ್ಯಾರಿಸ್ಸಿನಲ್ಲಿ ಬರೆದ ಒಂದು ಜೊತೆ ಸವೆದ ಬೂಟುಗಳ ಚಿತ್ರದ ಮೇಲೆ ತತ್ತ್ವಜ್ಞಾನಿ ಹೈಡೆಗ್ಗರ್ ರೈತ ಹೆಂಗಸಿನ ಇಡಿಯ ಬದುಕನ್ನು ಕಂಡದ್ದು, ಅವು ಚಿತ್ರಕಾರನದೇ ಬೂಟುಗಳೆಂದು ಕಲಾಚರಿತ್ರಕಾರ ಮೇಯರ್ ಶಪೀರೊ 1968ರಲ್ಲಿ ತಕರಾರು ತೆಗೆದದ್ದು ಕಲಾವಿಮರ್ಶೆಯ ಪ್ರಸಿದ್ಧ ಪ್ರಸಂಗ. ಆ ವಾದದಲ್ಲಿ ಯಾರ ಬೂಟು ಎಂಬ ಪ್ರಶ್ನೆಯಿತ್ತೇ ಹೊರತು ಬೂಟನ್ನು ಬರೆಯಬಹುದೇ ಎಂಬ ಪ್ರಶ್ನೆ ಇರಲಿಲ್ಲ. ನಮ್ಮಲ್ಲಿ ಅದೇ ಮೊದಲ ಪ್ರಶ್ನೆಯಾಗುತ್ತಿತ್ತು. ಮಡಿ-ಮೈಲಿಗೆಯ ಗೆರೆ ಅಡುಗೆಮನೆಯಲ್ಲಿ ಎಲ್ಲಿತ್ತೋ ಡ್ರಾಯಿಂಗ್ ಮೇಜಿನ ಮೇಲೂ ಅಲ್ಲಿಯೇ ಇತ್ತೆಂದು ಈ ಲೇಖಕನ ಅಭಿಪ್ರಾಯ.

ಹಾಗೆಂದು ಇದಕ್ಕೆ ಮಾದರಿ ಕನ್ನಡದೊಳಗೆ ಇರಲಿಲ್ಲವೇ? ಬಸವೇಶ್ವರನ ಹೆಸರಿನ ಬಡಾವಣೆಯಲ್ಲಿ ಕುಳಿತು ಹಾಗೆ ಹೇಳುವಂತಿಲ್ಲ. 12ನೆಯ ಶತಮಾನದ ಶರಣರಲ್ಲಿ ಹಲವರು ತಮ್ಮ ಕಸುಬನ್ನೇ ಹೆಸರಿನೊಡನೆ ಹೊತ್ತವರು. ಮಾದಾರ ಚೆನ್ನಯ್ಯ, ಮೇದಾರ ಕೇತಯ್ಯ, ಹುಲ್ಲಿನ ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ, ನೂಲುತ್ತಿದ್ದ ಕದಿರ ರೆಮ್ಮವ್ವೆ ಇವರ ಕೈಗಳಲ್ಲಿ ಉಳಿ, ಬಿದಿರು, ಹಗ್ಗ, ರಾಟೆಗಳು ಅನುಭಾವದ ಪರಿಭಾಷೆಯೇ ಆದವು. ಹರಳಯ್ಯನು ಬಸವಣ್ಣನಿಗೆ ಮಾಡಿಕೊಟ್ಟ ಪಾದರಕ್ಷೆಗಳ ಕಥೆಯನ್ನು ಇಂದಿಗೂ ಜನ ಹೇಳುತ್ತಾರೆ. ಸಾಹಿತ್ಯದಲ್ಲಿ ಎಂಟುನೂರು ವರ್ಷಗಳ ಹಿಂದೆಯೇ ತೆರೆದಿದ್ದ ಬಾಗಿಲನ್ನು ನಮ್ಮ ಚಿತ್ರಶಾಲೆಗಳು ತಟ್ಟಲಿಲ್ಲ. ಅವು ಮಾದರಿಯನ್ನು ಲಂಡನ್ನಿನ ದಿಕ್ಕಿನಿಂದ ಪಡೆದವು.

ಈ ಭಾಗದ ಅತ್ಯಂತ ಪ್ರಸಿದ್ಧ ಚಿತ್ರಕಾರರಾದ ರುಮಾಲೆ ಚನ್ನಬಸವಯ್ಯನವರ (1910–1988) ಉದಾಹರಣೆಯೂ ಇಲ್ಲಿ ಪ್ರಸ್ತುತ. ದೊಡ್ಡಬಳ್ಳಾಪುರದಲ್ಲಿ ಜನಿಸಿ, ಕಲಾಮಂದಿರದಲ್ಲಿಯೂ ಮೈಸೂರಿನಲ್ಲಿಯೂ ಕಲಿತು, ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿ, ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವವನ್ನೂ ವಹಿಸಿ, ಐವತ್ತರ ವಯಸ್ಸು ದಾಟಿದ ಮೇಲೆ ಮತ್ತೆ ಕುಂಚ ಹಿಡಿದ ಅವರು ರಾಜಾಜಿನಗರದ ತಮ್ಮ ಮನೆಯನ್ನೇ ಚಿತ್ರಶಾಲೆಯನ್ನಾಗಿ ಮಾಡಿಕೊಂಡಿದ್ದರು. ಅವರ ಖ್ಯಾತಿಗೆ ಕಾರಣವಾದ ಚಿತ್ರಗಳಾದರೋ ಬೀದಿ, ಉದ್ಯಾನ, ಕೆರೆಯಂಗಳಗಳಲ್ಲಿ ನಿಂತು ಬರೆದ ಹೂಬಿಟ್ಟ ಮರಗಳವು. ಗಾಂಧೀಮಾರ್ಗದ ಸರಳ ಜೀವನ ನಡೆಸಿದವರು ಮನೆಯೊಳಗಿನ ಸರಳ ವಸ್ತುವಿನ ಕಡೆಗಲ್ಲ, ಹೊರಗಿನ ಬಣ್ಣದ ಸಮೃದ್ಧಿಯ ಕಡೆಗೆ ತಿರುಗಿದರು. ಇದನ್ನು ಕೊರತೆಯೆಂದು ಹೇಳುತ್ತಿಲ್ಲ. ಅವರು ಬರೆದಿರದಿದ್ದರೆ ಆ ಬೆಂಗಳೂರಿನ ಮರಗಳ ನೆನಪು ಇಷ್ಟು ತುಂಬಿ ಉಳಿಯುತ್ತಿರಲಿಲ್ಲ. ಮರಗಳಿಗೆ ಒಬ್ಬ ರುಮಾಲೆ ದೊರೆತಂತೆ ಅಟ್ಟದ ಪಾತ್ರೆಗಳಿಗೆ ಯಾರೂ ದೊರೆಯಲಿಲ್ಲವೆಂಬುದಷ್ಟೇ ಇಲ್ಲಿನ ಮಾತು.

ಹೀಗೆ ಚಿತ್ರಪಟದ ಮೇಲೆ ಸ್ಥಾನ ಪಡೆಯದ ವಸ್ತುಗಳು ಬೇರೊಂದು ದಾರಿಯಲ್ಲಿ ಉಳಿದುಕೊಂಡವು. ಆ ದಾರಿಯಲ್ಲೂ ಒಬ್ಬ ಚಿತ್ರಕಾರರಿದ್ದರು. ಮೈಸೂರು ವಿಶ್ವವಿದ್ಯಾನಿಲಯವು 1968ರಲ್ಲಿ ಸ್ಥಾಪಿಸಿದ, ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯವನ್ನು ಕಟ್ಟಿದವರಲ್ಲಿ ಚಿತ್ರದುರ್ಗ ಜಿಲ್ಲೆಯ ಹರ್ತಿಕೋಟೆಯ ಪಿ.ಆರ್. ತಿಪ್ಪೇಸ್ವಾಮಿಯವರು (1922–2000) ಪ್ರಮುಖರು. ನೀರ್ಬಣ್ಣದಲ್ಲಿ ಪಳಗಿದ ಕಣ್ಣು ಅವರದು. ಹಳ್ಳಿಯ ಮನೆಗಳಲ್ಲಿ ಮೂಲೆಗುಂಪಾಗಿದ್ದ ವಸ್ತುಗಳನ್ನು ಸಂಗ್ರಹಾಲಯಕ್ಕೆ ತರುವಲ್ಲಿ ವಿದ್ವಾಂಸನ ವರ್ಗೀಕರಣದೊಡನೆ ಚಿತ್ರಕಾರನ ನೋಟವೂ ಕೆಲಸಮಾಡಿತೆಂಬುದು ನಮ್ಮ ಕಲಾಚರಿತ್ರೆಯಲ್ಲಿ ಇನ್ನಷ್ಟು ಎತ್ತಿಹೇಳಬೇಕಾದ ಸಂಗತಿ. ಪಶ್ಚಿಮ ಬೆಂಗಳೂರಿಗೆ ಹತ್ತಿರದಲ್ಲಿ, ಕೆಂಗೇರಿಯನ್ನು ದಾಟಿ ಅದೇ ಮೈಸೂರು ರಸ್ತೆಯಲ್ಲಿ ಮುಂದುವರಿದರೆ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರ ಕನಸಿನ ಜಾನಪದ ಲೋಕವಿದೆ. 1979ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ಪರಿಷತ್ತು 1994ರಲ್ಲಿ ಇದನ್ನು ತೆರೆಯಿತು. ರಾಜಾಜಿನಗರದ ಅಟ್ಟದಿಂದ ಗುಜರಿಗೆ ಹೋದ ಕೊಳಗದ ಒಡಹುಟ್ಟು ಅಲ್ಲಿ ಕಪಾಟಿನೊಳಗೆ ಹೆಸರಿನ ಚೀಟಿಯೊಡನೆ ಕುಳಿತಿದೆ. ಆದರೆ ಸಂಗ್ರಹಾಲಯವು ಕೊಳಗವೆಂಬ ಜಾತಿಯನ್ನು ತೋರಿಸುತ್ತದೆ. ಒಂದು ಮನೆಯ ಒಂದು ಕೊಳಗದ ಮೇಲೆ ಒಂದು ಮಧ್ಯಾಹ್ನ ಬಿದ್ದ ಬೆಳಕನ್ನು ತೋರಿಸಲಾರದು.

ಆ ಕೆಲಸ ಮತ್ತೆ ಕಲಾವಿದರ ಕೈಗೆ ಬಂದದ್ದು ಮೇಜನ್ನು ಬಿಟ್ಟುಬಿಟ್ಟ ಮೇಲೆ. ಬಾದಾಮಿಯ ಆರ್.ಎಂ. ಹಡಪದ್ (1936–2003) ಅವರು 1960ರ ದಶಕದ ಉತ್ತರಾರ್ಧದಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕೆನ್ ಕಲಾಶಾಲೆಯಲ್ಲಿ ಕಲಿತವರ ಪೈಕಿ ಭದ್ರಾವತಿಯಲ್ಲಿ ಜನಿಸಿದ ಶೀಲಾ ಗೌಡ ಒಬ್ಬರು. ಚಿತ್ರಕಾರ್ತಿಯಾಗಿ ಆರಂಭಿಸಿದ ಅವರು 1990ರ ದಶಕದಲ್ಲಿ ಸಗಣಿ, ಸೂಜಿ-ದಾರ, ಕುಂಕುಮಗಳಂಥ ಪದಾರ್ಥಗಳತ್ತ ಸರಿದರು. ಅವರ 2006ರ ‘ಡಾರ್ಕ್‌ರೂಮ್’ ಕೃತಿ ಡಾಂಬರಿನ ಪೀಪಾಯಿಗಳಿಂದಲೂ ಅವನ್ನು ಬಿಡಿಸಿ ತಟ್ಟಿದ ತಗಡುಗಳಿಂದಲೂ ಆದದ್ದು. ರಸ್ತೆ ಹಾಕುವ ಕೂಲಿಗಳು ಇಂಥ ತಗಡುಗಳಿಂದಲೇ ಗುಡಿಸಲು ಕಟ್ಟಿಕೊಳ್ಳುವುದನ್ನು ಬೆಂಗಳೂರಿನವರು ನೋಡಿಯೇ ಇದ್ದಾರೆ. ಬಗ್ಗಿ ಒಳಹೊಕ್ಕರೆ ಮೇಲಣ ತಗಡಿನ ಸಣ್ಣ ತೂತುಗಳಿಂದ ಬೆಳಕು ಇಣುಕಿ ನಕ್ಷತ್ರಗಳ ಆಕಾಶದಂತೆ ತೋರುತ್ತದೆ. 2009ರ ‘ಬಿಹೋಲ್ಡ್’ ಕೃತಿಯಲ್ಲಿ ಮೋಟಾರು ಕಾರುಗಳ ಬಂಪರುಗಳನ್ನು ತಲೆಗೂದಲಿನ ಹಗ್ಗಗಳಿಂದ ತೂಗುಹಾಕಿದ್ದಾರೆ. ದೃಷ್ಟಿಯಾಗದಿರಲೆಂದು ವಾಹನಗಳಿಗೆ ಕೂದಲ ಹಗ್ಗ ಕಟ್ಟುವ ರೂಢಿ ಇದರ ಹಿನ್ನೆಲೆ. ಇವನ್ನು ವಸ್ತುಚಿತ್ರವೆಂದು ಕರೆಯುವುದು ಪರಿಭಾಷೆಯ ದೃಷ್ಟಿಯಿಂದ ಸಲ್ಲದು. ಆದರೂ ಡ್ರಾಯಿಂಗ್ ಮೇಜು ಹೊರಗಿಟ್ಟಿದ್ದ ಕೂದಲು, ಸಗಣಿ, ಡಾಂಬರು ಒಳಗೆ ಬಂದದ್ದು ಇಲ್ಲಿ, ಅವುಗಳ ನೆಗ್ಗು ಮತ್ತು ಕಲೆಗಳನ್ನು ಯಾರೂ ಅಳಿಸದೆ.

ಇದೇ ಕಾಲದಲ್ಲಿ ಸವೆದ ವಸ್ತುವಿಗೆ ಮಾರುಕಟ್ಟೆಯೂ ಹುಟ್ಟಿತು. ಚಿತ್ರಕಲಾ ಪರಿಷತ್ತು ಕುಮಾರಕೃಪ ರಸ್ತೆಯಲ್ಲಿ ವರ್ಷಂಪ್ರತಿ ನಡೆಸುವ ಚಿತ್ರಸಂತೆಯಲ್ಲಿ ಲಾಂದ್ರ, ತುಕ್ಕುಹಿಡಿದ ಬೀಗ, ಹಳೆಯ ಬಾಗಿಲು, ಗೋಡೆಗೊರಗಿದ ಸೈಕಲ್ಲುಗಳ ಚಿತ್ರಗಳಿಗೆ ಕೊರತೆಯಿಲ್ಲ. ಹಲವರ ಕೈಚಳಕ ಮೆಚ್ಚತಕ್ಕದ್ದು. ಆದರೆ ಬಹಳಷ್ಟು ಚಿತ್ರಗಳಲ್ಲಿ ತುಕ್ಕು ಒಂದು ಅಲಂಕಾರ. ಛಾಯಾಚಿತ್ರದಿಂದ ನಕಲಿಳಿಸಿದ ಆ ಲಾಂದ್ರ ಯಾರ ಮನೆಯದೂ ಅಲ್ಲ. ಲೋಯರ್ ಪರೀಕ್ಷೆಯ ಹುಡುಗನ ಅಂಕುಡೊಂಕಾದ ಚೊಂಬು ಕನಿಷ್ಠಪಕ್ಷ ಎದುರಿಗಿತ್ತು.

ಆ ಚೊಂಬುಗಳ ಹಾಳೆಗಳು ಏನಾದವೆಂಬ ಪ್ರಶ್ನೆ ಉಳಿಯುತ್ತದೆ. ಅರ್ಧ ಶತಮಾನಕ್ಕೂ ಮೀರಿದ ಅವಧಿಯಲ್ಲಿ ನಾಡಿನ ಸಾಮಾನ್ಯ ಮನೆಗಳ ವಸ್ತುಗಳನ್ನು ನೇರವಾಗಿ ನೋಡಿ ಬರೆದ ಇಷ್ಟೊಂದು ಚಿತ್ರಗಳು ಬೇರಾವ ದಾಖಲೆಯಲ್ಲೂ ಸಿಗಲಾರವು. ಯಾವ ದಶಕದಲ್ಲಿ ಹಿತ್ತಾಳೆ ಹೋಗಿ ಸ್ಟೀಲು ಬಂತು, ಲಾಂದ್ರದ ಬದಲು ಥರ್ಮಾಸ್ ಫ್ಲಾಸ್ಕು ಮೇಜಿಗೆ ಯಾವಾಗ ಏರಿತು ಎಂಬುದನ್ನು ಅವುಗಳಿಂದಲೇ ತಿಳಿಯಬಹುದಿತ್ತು. ನಿವೃತ್ತ ಡ್ರಾಯಿಂಗ್ ಮಾಸ್ತರರ ಮನೆಗಳಲ್ಲಿ, ಖಾಸಗಿ ಚಿತ್ರಶಾಲೆಗಳ ಬೀರುಗಳಲ್ಲಿ ಮಾದರಿಗೆಂದು ಎತ್ತಿಟ್ಟ ಕೆಲವು ಹಾಳೆಗಳು ಈಗಲೂ ಇವೆ. ಅಕಾಡೆಮಿಯು ಅವುಗಳ ಸಂಗ್ರಹ ಕಾರ್ಯವನ್ನು ರಾಜಾಜಿನಗರ, ವಿಜಯನಗರಗಳಂಥ ಒಂದೆರಡು ಬಡಾವಣೆಗಳಿಂದ ಆರಂಭಿಸಬಹುದು. ವರ್ಷ, ಶಾಲೆ, ಸಾಧ್ಯವಾದರೆ ವಸ್ತು ಬಂದ ಮನೆ ಇಷ್ಟನ್ನು ಬರೆದಿಟ್ಟರೂ ಸಾಕು. ಮೆಟ್ರೊ ರೈಲು 2015ರಲ್ಲಿ ವಿಜಯನಗರ, ಅತ್ತಿಗುಪ್ಪೆಗಳಿಗೂ 2021ರಲ್ಲಿ ಕೆಂಗೇರಿಗೂ ಬಂದಿತು. ಈ ಬಡಾವಣೆಗಳ ಹಳೆಯ ಮನೆಗಳು ಒಂದೊಂದಾಗಿ ಬಿದ್ದು ಮಹಡಿ ಕಟ್ಟಡಗಳು ಏಳುತ್ತಿವೆ. ಮನೆ ಕೆಡವುವ ಮುನ್ನ ಅಟ್ಟ ಖಾಲಿಮಾಡುವಾಗ ಪಾತ್ರೆಗಳು ತಕ್ಕಡಿಯ ಒಂದು ಸರದಿಗೆ, ಹಾಳೆಗಳು ರದ್ದಿಯ ಲೆಕ್ಕದಲ್ಲಿ ಇನ್ನೊಂದು ಸರದಿಗೆ ಹೋಗುತ್ತವೆ.